ಹದಿನಾಲ್ಕು ರಾತ್ರಿ

ಹೈದರಾಬಾದಿನ ಬೇಗಂಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಅವ್ವನಿಗೆ ಚಳಿಜ್ವರ ಬಂದದ್ದು ಮಳೆಗಾಲದ ಕೊನೆಗೆ. ಬೆಟಗೇರಿಯಿಂದ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟ. ರಕ್ತ ನೋಡಿ ವೈವಾಕ್ಸ್ ಮಲೇರಿಯಾ ಎಂದ ಡಾಕ್ಟರು, ಇನ್ನೊಂದು ಪರೀಕ್ಷೆ ಮಾಡಿಸಿ, 3 ದಿನ ಕ್ಲೋರೋಕ್ವಿನ್, 14 ದಿನ ಪ್ರಿಮಾಕ್ವಿನ್ ಬರೆದರು.

ಆ ಮೂರು ದಿನ ನಾನು ದೇವರ ಜೊತೆ ಚೌಕಾಸಿಗಿಳಿದಿದ್ದೆ. ಅವ್ವ ಎದ್ದರೆ ದಶಮಾಂಶ ತಪ್ಪಿಸುವುದಿಲ್ಲ, ಶುಕ್ರವಾರ ಉಪವಾಸ, ಇತ್ಯಾದಿ. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು, ಹರಕುಮುರುಕು ತೆಲುಗಿನಲ್ಲೇ ಸಾಕ್ಷಿ ಹೇಳಿದೆ. ಸಭೆಯೆಲ್ಲ 'ಸ್ತೋತ್ರಂ' ಎಂದಿತು. ಅಂದು ರಾತ್ರಿ ಅವ್ವ ಉಳಿದ ಗುಳಿಗೆಗಳನ್ನು ಡಬ್ಬಿಗೆ ಹಾಕಿ, "ಕರ್ತ ಮುಟ್ಟ್ಯಾನ, ಇನ್ಯಾಕ ಗುಳಿಗಿ?" ಅಂದಳು. ನಾನು ತಡೆಯಲಿಲ್ಲ. ಗುಳಿಗೆ ಮುಂದುವರಿಸಿದರೆ ಬೆಳಿಗ್ಗೆ ಹೇಳಿದ ಸಾಕ್ಷಿಯೇ ಸುಳ್ಳಾದೀತೇನೋ ಎಂಬ ಅಳುಕು.

ಎರಡು ತಿಂಗಳಿಗೆ ಮತ್ತೆ ಅದೇ ನಡುಕ. ಈ ಜಾತಿಯ ಮಲೇರಿಯಾ ರಕ್ತದಿಂದ ಹೋದರೂ ಪಿತ್ತಜನಕಾಂಗದಲ್ಲಿ ಅಡಗಿ ಮಲಗಿರುತ್ತದೆ, ಅಲ್ಲಿಂದ ಕೀಳಲೆಂದೇ ಆ ಹದಿನಾಲ್ಕು ದಿನ ಎಂದು ಡಾಕ್ಟರು ಬೈದು ತಿಳಿಸಿದರು.

ಹಳೆಯ ವಿಮಾನ ನಿಲ್ದಾಣದ ಹತ್ತಿರ ರೊನಾಲ್ಡ್ ರಾಸ್ ಹೆಸರಿನ ಕಟ್ಟಡವಿದೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಆತ ಕಂಡದ್ದು ಇದೇ ಬೇಗಂಪೇಟೆಯಲ್ಲಿ, 1897ರ ಆಗಸ್ಟ್ 20ರಂದು. ಹುಸೇನ್ ಖಾನ್ ಎಂಬ ರೋಗಿಗೆ, ಕಚ್ಚಿದ ಸೊಳ್ಳೆಗೊಂದಾಣೆಯಂತೆ ಕೊಟ್ಟಿದ್ದನಂತೆ. ಎರಡು ವರ್ಷ ಸೊಳ್ಳೆ ಕೊಯ್ದು ಕೊಯ್ದು ಕಣ್ಣು ಸವೆಸಿದ ಮೇಲೆ ಹೆಂಡತಿಗೆ ಪದ್ಯ ಬರೆದು, ಇದನ್ನು ಕೈಗಿತ್ತವನು ದೇವರು ಎಂದ. ನಾನೋ ಕೆಲಸ ಅರ್ಧದಲ್ಲಿರುವಾಗಲೇ ಸ್ತೋತ್ರ ಹೇಳಿ ಮುಗಿಸಿದ್ದೆ.

ಅವ್ವನಿಗೆ ರಾಸ್ ಬೇಕಿರಲಿಲ್ಲ. ಬೈಬಲಿನಲ್ಲೇ ಹುಡುಕಿದಳು: ಅರಸುಗಳು ಎರಡನೆಯ ಭಾಗ, 20ನೇ ಅಧ್ಯಾಯ. ಹಿಜ್ಕೀಯ ಅತ್ತು ಪ್ರಾರ್ಥಿಸಿದ, 15 ವರ್ಷ ಆಯುಸ್ಸು ಕೂಡಿತು. ಅಷ್ಟಾದರೂ ಯೆಶಾಯ ಅವನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. "ನೋಡು, ಪ್ರವಾದಿನೂ ಔಷಧ ಬಿಡಿಸಿಲ್ಲಾ" ಎಂದಳು, ಗುಳಿಗೆ ಬಿಟ್ಟವಳು ಬೇರೆ ಯಾರೋ ಎಂಬಂತೆ.

ಈ ಸಲ ದಿನಾ ರಾತ್ರಿ ಊಟವಾದ ಮೇಲೆ ಒಂದು ಗುಳಿಗೆ, ಒಂದು ಕರ್ತನ ಪ್ರಾರ್ಥನೆ. ಅವ್ವ ಕನ್ನಡದಲ್ಲಿ, ಜೊತೆಗೆ ಬಂದು ಕೂರುತ್ತಿದ್ದ ಪಕ್ಕದ ಮನೆಯಾಕೆ ತೆಲುಗಿನಲ್ಲಿ. ಇಬ್ಬರೂ ಒಂದೊಂದು ವೇಗದಲ್ಲಿ ಓಡುತ್ತಾ 'ಅನುದಿನ' ಎಂಬಲ್ಲಿ ಕೂಡುತ್ತಿದ್ದರು. ಎರಡು ಭಾಷೆಯಲ್ಲೂ ಅಲ್ಲಿ ಅದೇ ಪದ. ಚಿಕ್ಕಂದಿನಿಂದ ನನ್ನ ಬಾಯಲ್ಲಿದ್ದ ಪದ ಕಿವಿಗೆ ಬಿದ್ದದ್ದು ಆಗ. ಅಂದಂದಿನದನ್ನು ಅಂದಂದು ಕೇಳಿ ಎಂದು ಯೇಸು ಕಲಿಸಿದ್ದರೆ, ನಾನು ವರ್ಷದ ಗುತ್ತಿಗೆ ಬೇಡುತ್ತಿದ್ದೆ. ಚೌಕಾಸಿ ನಿಂತಿತು. ಭಯ ಪೂರ್ತಿ ಹೋಗಲಿಲ್ಲ, ಆದರೆ ರಾತ್ರಿ ನಿದ್ದೆ ಬರತೊಡಗಿತು.

ಹದಿನಾಲ್ಕನೆಯ ರಾತ್ರಿ ಅವ್ವ ಖಾಲಿ ಪಟ್ಟಿಯನ್ನು ಹಿಜ್ಕೀಯನ ಪುಟದಲ್ಲಿ ಗುರುತಿಗಿಟ್ಟಳು. ಜ್ವರ ಮತ್ತೆ ಬರಲಿಲ್ಲ. ನಿಮ್ಮ ಮನೆಯಲ್ಲೂ ಪ್ರಾರ್ಥನೆ ಕೇಳಲ್ಪಟ್ಟು ಯಾರಿಗಾದರೂ ಜ್ವರ ಬಿಟ್ಟಿದ್ದರೆ, ಸಾಕ್ಷಿ ಹೇಳಲು ಏಳುವ ಮುಂಚೆ ಗುಳಿಗೆಯ ಪಟ್ಟಿ ಖಾಲಿಯಾಗಿದೆಯೇ ಒಮ್ಮೆ ನೋಡಿ.