ಕುದಿಸಿದರೂ ಹೋಗದ ಫ್ಲೋರೈಡ್: ನೀರಿನ ಸ್ಥಿತಿಗಳು

ನೀರು ಘನ, ದ್ರವ, ಆವಿ ಎಂಬ ಮೂರು ಸ್ಥಿತಿಗಳಲ್ಲಿರುತ್ತದೆ. ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯಲ್ಲಿ ಆಕಾಶದಿಂದ ಘನರೂಪದ ನೀರು ಬೀಳುವುದು ಅಪರೂಪದ ಆಲಿಕಲ್ಲು ಮಳೆಯಲ್ಲಿ ಮಾತ್ರ. ಇಲ್ಲಿ ಮುಖ್ಯವಾದುದು ನೀರು ಆವಿಯಾಗುವ ಕ್ರಿಯೆ.

ಆವಿಯಾಗಲು ನೀರು ಕುದಿಯಲೇಬೇಕೆಂದಿಲ್ಲ. ಬಿಸಿಲಿಗೂ ಒಣಗಾಳಿಗೂ ಕೆರೆಯ ನೀರು ಸದ್ದಿಲ್ಲದೆ ಆರುತ್ತಿರುತ್ತದೆ. ಒಂದು ಹೆಕ್ಟೇರ್ ವಿಸ್ತಾರದಲ್ಲಿ ಒಂದು ಮಿಲಿಮೀಟರ್ ಆರಿದರೆ 10,000 ಲೀಟರ್ ಹೋದಂತೆ. ಆದರೆ ಮೇಲೇರುವುದು ನೀರು ಮಾತ್ರ. ಅದರಲ್ಲಿ ಕರಗಿದ ಲವಣಗಳು ಕೆಳಗೇ ಉಳಿಯುತ್ತವೆ. ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ಇದಕ್ಕೆ ಸಾಕ್ಷಿ.

ಈ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ‘ಕುದಿಸಿ ಕುಡಿದರೆ ಸಾಕು’ ಎಂಬ ಸಲಹೆ ರೋಗಾಣುಗಳ ಮಟ್ಟಿಗೆ ಸರಿ, ಫ್ಲೋರೈಡಿನ ಮಟ್ಟಿಗೆ ತಪ್ಪು. ಬೇರೆ ಜಲಮೂಲವಿಲ್ಲದಾಗ ಒಪ್ಪಬಹುದಾದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಷ್ಟು ಫ್ಲೋರೈಡ್ ಇರುವ 10 ಲೀಟರ್ ನೀರು ಕುದಿದು 8 ಲೀಟರಿಗೆ ಇಳಿದರೆ ಪ್ರಮಾಣ ಸುಮಾರು 1.9ಕ್ಕೆ ಏರಿ ಮಿತಿಯನ್ನು ದಾಟುತ್ತದೆ. ಇಂತಹ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆಗಳಿಗೂ ಹಾನಿ ತಟ್ಟುತ್ತದೆ.

ಲವಣಗಳನ್ನು ಬಿಟ್ಟು ಮೇಲೇರಿದ ಆವಿಯೇ ತಣಿದು ಮಳೆಯಾಗುವುದರಿಂದ ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. 100 ಚದರ ಮೀಟರಿನ ಶಾಲಾ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ಆಗುತ್ತದೆ. ಸೋರಿಕೆ ಕಳೆದರೂ ಉಳಿಯುವುದು ಸಣ್ಣ ಪ್ರಮಾಣವಲ್ಲ. ಧೂಳು ತೊಳೆದು ಬರುವ ಮೊದಲ ನೀರನ್ನು ಹೊರಬಿಟ್ಟು, ಉಳಿದುದನ್ನು ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸತಕ್ಕದ್ದು. ಆ ನೀರನ್ನು ಮಾತ್ರ ಕುದಿಸಿಯೇ ಕುಡಿಯಬೇಕು.