ಓಡುವ ಮೈಗೊಂದು ಅಂಗಿ: ಊರ ಕಬಡ್ಡಿ ತಂಡದ ಜೆರ್ಸಿಯನ್ನು ರೂಪಿಸುವ ಬಗೆ

ಸುಗ್ಗಿ ಮುಗಿದು ಗದ್ದೆಗಳು ಬಯಲಾಗುವ ಹೊತ್ತಿಗೆ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಬ್ಯಾನರುಗಳು ಒಂದೊಂದಾಗಿ ಏಳತೊಡಗುತ್ತವೆ. ಅವುಗಳ ಬೆನ್ನಿಗೇ ಊರಿನ ತರುಣರು ಡಿಟಿಪಿ ಅಂಗಡಿಯ ಬಾಗಿಲಿಗೆ ಬಂದು, ಮೊಬೈಲಿನಲ್ಲಿ ಯಾವುದೋ ತಂಡದ ಚಿತ್ರವನ್ನು ತೋರಿಸಿ, "ಅಣ್ಣಾ, ಇದೇ ತರಹ ಹನ್ನೆರಡು ಜೆರ್ಸಿ ಬೇಕು, ಶನಿವಾರದೊಳಗೆ ಆಗಬೇಕು" ಎನ್ನುತ್ತಾರೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಮೊದಲಾಗಿ ಟೀವಿಯ ತೆರೆಯನ್ನು ತುಂಬಿದ ಮೇಲೆ ಈ ಆಸೆ ಹಳ್ಳಿ ಹಳ್ಳಿಗೂ ಹಬ್ಬಿದೆ. ಅದು ಸಹಜವಾದ ಆಸೆಯೇ. ಆದರೆ ಗಣಕದ ತೆರೆಯ ಮೇಲೆ ನಿಶ್ಚಲವಾಗಿ, ಸುಕ್ಕಿಲ್ಲದೆ, ಕೈಯಳತೆಯ ದೂರದಲ್ಲಿ ಕಾಣುವ ಚಿತ್ರವನ್ನೇ ಅಂಗಿಯೆಂದು ಭಾವಿಸಿ ಕೆಲಸಕ್ಕೆ ತೊಡಗಿದರೆ ಪಂದ್ಯದ ರಾತ್ರಿ ನಿರಾಶೆ ಕಾದಿರುತ್ತದೆ. ಜೆರ್ಸಿಯೆಂಬುದು ಬಾಗುವ, ಬೆವರುವ, ಮಣ್ಣಿನ ಮೇಲೆ ಉರುಳುವ ದೇಹದ ಮೇಲೆ, ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿ ಕುಳಿತವನ ಕಣ್ಣಿಗಾಗಿ ಬರೆದ ಬರಹವೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಮುಂದಿನ ಪ್ರತಿಯೊಂದು ನಿರ್ಧಾರವನ್ನೂ ಆ ದೂರದ ಕಣ್ಣನ್ನು ಕೇಳಿಯೇ ಕೈಗೊಳ್ಳತಕ್ಕದ್ದು.

ಆದಕಾರಣ ಮೊದಲ ಹೆಜ್ಜೆ ಗಣಕದ ಮುಂದೆ ಕುಳಿತುಕೊಳ್ಳುವುದಲ್ಲ, ಅಂಗಣಕ್ಕೆ ಹೋಗುವುದು. ತಂಡವು ಆಡುವ ನೆಲದ ಬಣ್ಣ ಯಾವುದು, ದೀಪಗಳು ಎತ್ತರದ ಕಂಬಗಳಲ್ಲಿವೆಯೋ ತಗ್ಗಿನಲ್ಲಿವೆಯೋ, ಅವುಗಳ ಬೆಳಕು ಬಿಳಿಯೋ ಹಳದಿಯೋ, ಆಟಗಾರರ ಹಿಂದೆ ಪ್ರೇಕ್ಷಕರ ಕತ್ತಲಿದೆಯೋ ಅಥವಾ ಬಣ್ಣಬಣ್ಣದ ಶಾಮಿಯಾನ ಇದೆಯೋ ಎಂಬುದನ್ನು ಒಂದು ಸಂಜೆ ನಿಂತು ನೋಡಿದರೆ, ಬಣ್ಣದ ಪ್ರಶ್ನೆಯ ಅರ್ಧ ಭಾಗ ಅಲ್ಲಿಯೇ ಬಗೆಹರಿಯುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿನ ಅಂಕಣದಲ್ಲಿ ಮರೂನ್, ಕಂದು, ಇಟ್ಟಿಗೆ ಕೆಂಪು ಇವೆಲ್ಲ ನೆಲದೊಡನೆ ಕರಗಿಹೋಗುತ್ತವೆ. ಕಡುನೀಲಿಯೂ ಕಪ್ಪೂ ಪ್ರೇಕ್ಷಕರ ಕತ್ತಲಿನಲ್ಲಿ ಅಡಗುತ್ತವೆ. ಬಿಳಿ ಬಣ್ಣವು ಮೊದಲ ರೈಡಿನ ಕಾಲು ಗಂಟೆಯೊಳಗೆ ಮಣ್ಣಿನ ಬಣ್ಣಕ್ಕೆ ತಿರುಗುವುದಲ್ಲದೆ ಬೆವರಿಗೆ ತೊಯ್ದಾಗ ಮೈಯನ್ನೂ ಮುಚ್ಚದು. ತಿಳಿಬೂದು ಬಣ್ಣದ ವಿಷಯದಲ್ಲಿಯಂತೂ ಜಗತ್ತಿಗೆಲ್ಲ ತಿಳಿದ ಒಂದು ನಿದರ್ಶನವಿದೆ. 1996ರ ಏಪ್ರಿಲ್ 13ರಂದು ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡವು ಸೌತಾಂಪ್ಟನ್ನಿನಲ್ಲಿ ಬೂದು ಬಣ್ಣದ ಅಂಗಿಯನ್ನು ತೊಟ್ಟು ಆಡಿ, ವಿರಾಮದ ವೇಳೆಗೆ ಮೂರು ಗೋಲುಗಳಿಂದ ಹಿಂದೆ ಬಿದ್ದು, ದ್ವಿತೀಯಾರ್ಧಕ್ಕೆ ನೀಲಿ ಬಿಳಿ ಪಟ್ಟೆಯ ಬೇರೆ ಅಂಗಿಯಲ್ಲಿ ಇಳಿಯಿತು. ಪ್ರೇಕ್ಷಕರ ಹಿನ್ನೆಲೆಯಲ್ಲಿ ತಮ್ಮವರೇ ತಮ್ಮವರಿಗೆ ಕಾಣಲಿಲ್ಲವೆಂಬುದು ತರಬೇತುದಾರ ಅಲೆಕ್ಸ್ ಫರ್ಗ್ಯೂಸನ್ನರು ಕೊಟ್ಟ ಕಾರಣ. ಪಂದ್ಯ ಮೂರು–ಒಂದರ ಸೋಲಿನಲ್ಲಿಯೇ ಮುಗಿಯಿತು. ಅಷ್ಟು ದೊಡ್ಡ ತಂಡವೂ ಎಡವಿದ ಸ್ಥಳವಿದು. ನಾವು ಎಚ್ಚರವಹಿಸುವುದರಲ್ಲಿ ಯಾವ ಸಂಕೋಚವೂ ಬೇಡ.

ನೆಲವನ್ನು ನೋಡಿ ಬಂದ ಮೇಲೆ ಒಂದು ಪ್ರಧಾನ ವರ್ಣವನ್ನೂ, ಅದಕ್ಕೆ ಎದುರಾಗಿ ನಿಲ್ಲುವ ಇನ್ನೊಂದನ್ನೂ ಆರಿಸಿಕೊಳ್ಳಬೇಕು; ಮೂರನೆಯದು ಕಾಲರಿಗೋ ತೋಳಿನ ಅಂಚಿಗೋ ಸೀಮಿತವಾಗಿರಲಿ. ತರುಣರು ಸಂಘದ ಧ್ವಜದ ಬಣ್ಣಗಳೆಲ್ಲವೂ ಬರಬೇಕೆಂದು ಹಟ ಹಿಡಿದರೆ ನಾನು ಬ್ರೆಜಿಲ್ಲಿನ ಕಥೆಯನ್ನು ಹೇಳುತ್ತೇನೆ. 1950ರ ವಿಶ್ವಕಪ್ಪಿನಲ್ಲಿ ಬಿಳಿಯಂಗಿ ತೊಟ್ಟು ತವರಿನಲ್ಲಿಯೇ ಸೋತ ಆ ದೇಶದಲ್ಲಿ, 1953ರಲ್ಲಿ ಕೊರೆಯೊ ದ ಮನ್ಯಾ ಎಂಬ ಪತ್ರಿಕೆಯು ಹೊಸ ಅಂಗಿಗಾಗಿ ಸ್ಪರ್ಧೆಯೊಂದನ್ನು ಏರ್ಪಡಿಸಿ, ರಾಷ್ಟ್ರಧ್ವಜದ ನಾಲ್ಕು ಬಣ್ಣಗಳೂ ಅದರಲ್ಲಿರಬೇಕೆಂಬ ಕಟ್ಟಳೆಯನ್ನು ಹಾಕಿತು. ಆಲ್ದಿರ್ ಗಾರ್ಸಿಯಾ ಶ್ಲೀ ಎಂಬ, ಇನ್ನೂ ಇಪ್ಪತ್ತು ತುಂಬದ ತರುಣನು ನಾಲ್ಕನ್ನೂ ಒಂದೇ ಅಂಗಿಯಲ್ಲಿ ತುರುಕದೆ, ಅಂಗಿಗೆ ಹಳದಿಯನ್ನೂ, ಅದರ ಅಂಚಿಗೆ ಮಾತ್ರ ಹಸುರನ್ನೂ, ಚಡ್ಡಿಗೆ ನೀಲಿಯನ್ನೂ, ಅದರ ಪಕ್ಕದ ಪಟ್ಟೆಗೆ ಬಿಳಿಯನ್ನೂ ಹಂಚಿದನು. ಇಂದಿಗೂ ಜಗತ್ತು ಬ್ರೆಜಿಲ್ಲನ್ನು ಗುರುತಿಸುವುದು ಆ ಹಳದಿಯಿಂದಲೇ. ಹಂಚಿಕೆಯಲ್ಲಿ ಒಂದಕ್ಕೆ ಒಡೆತನವನ್ನು ಕೊಟ್ಟು ಉಳಿದವುಗಳಿಗೆ ಊಳಿಗವನ್ನು ಕೊಡುವ ಈ ವಿವೇಕವನ್ನೇ ಕಲಾನಿರ್ದೇಶನ ಎನ್ನುವುದು. ಬಣ್ಣಗಳು ಸಾಕಷ್ಟು ಎದುರು ಬದುರಾಗಿವೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ: ರಚನೆಯನ್ನು ಮೊಬೈಲಿನಲ್ಲಿ ಕಪ್ಪು ಬಿಳುಪಿಗೆ ತಿರುಗಿಸಿ ನೋಡಿರಿ. ಕೆಂಪಿನ ಮೇಲಿನ ಹಸುರು ಸಂಖ್ಯೆ ಬಣ್ಣದಲ್ಲಿ ಕಣ್ಣು ಕುಕ್ಕಿದರೂ ಕಪ್ಪು ಬಿಳುಪಿನಲ್ಲಿ ಮಾಯವಾಗುವುದನ್ನು ಕಂಡಾಗ, ಕೆಂಪು ಹಸುರುಗಳ ಭೇದ ತಿಳಿಯದ ಪ್ರೇಕ್ಷಕನಿಗೆ ಆ ಅಂಗಿ ಹೇಗೆ ಕಾಣಬಹುದೆಂಬುದರ ಕಲ್ಪನೆಯೂ ಜೊತೆಗೇ ಬರುತ್ತದೆ.

ಇನ್ನು ಸಂಖ್ಯೆ. ಅಂಗಿಯ ಮೇಲಿರುವ ಸಮಸ್ತ ಅಲಂಕಾರದಲ್ಲಿ ಪಂದ್ಯಕ್ಕೆ ನಿಜವಾಗಿ ಬೇಕಾದದ್ದು ಇದೊಂದೇ. ಇಂಗ್ಲೆಂಡಿನ ಲೀಗ್ ಫುಟ್‌ಬಾಲಿನಲ್ಲಿ 1928ರ ಆಗಸ್ಟ್ 25ರಂದು ಆರ್ಸೆನಲ್ ತಂಡವು ಷೆಫೀಲ್ಡ್ ವೆನ್ಸ್‌ಡೇ ವಿರುದ್ಧ ಬೆನ್ನಿನ ಮೇಲೆ ಅಂಕಿಗಳನ್ನು ಧರಿಸಿ ಆಡಿದುದು ಒಂದು ಪ್ರಯೋಗವಾಗಿತ್ತು. 1939ರ ವೇಳೆಗೆ ಆ ಲೀಗಿನಲ್ಲಿ ಅದು ಕಡ್ಡಾಯವಾಯಿತು. ಕಬಡ್ಡಿಯ ನಿಯಮದಲ್ಲಿ ಸಂಖ್ಯೆಯು ಎದೆಯ ಮೇಲೆ ಕನಿಷ್ಠ 4 ಅಂಗುಲ, ಬೆನ್ನಿನ ಮೇಲೆ ಕನಿಷ್ಠ 6 ಅಂಗುಲ ಎತ್ತರವಿರಬೇಕು. ನಾನು ಬೆನ್ನಿನ ಸಂಖ್ಯೆಯನ್ನು 8 ಅಂಗುಲಕ್ಕೆ ಇಟ್ಟು, ಅದರ ಗೆರೆಯ ದಪ್ಪ ಒಂದು ಅಂಗುಲಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳುತ್ತೇನೆ. ಸಂಖ್ಯೆಯ ಸುತ್ತ ಎರಡು ಮೂರು ತೆಳು ಗೆರೆಗಳನ್ನು ಎಳೆಯುವ ಚಾಳಿ ಈಚೆಗೆ ಬಹಳವಾಗಿದೆ. ಹತ್ತಿರದಿಂದ ಅದು ಒಡವೆಯಂತೆ ಕಂಡರೂ ದೂರದಿಂದ ಮಂಜಾಗುತ್ತದೆ. ಸಂಖ್ಯೆಯ ಹಿಂದೆ ಹುಲಿಯ ಪಟ್ಟೆ, ಜ್ವಾಲೆ, ಮಿಂಚು ಮುಂತಾದವು ಹಾಯದಂತೆ ಅಷ್ಟು ಜಾಗವನ್ನು ಬರಿದಾಗಿ ಬಿಡುವುದು ಅವಶ್ಯ. ಕನ್ನಡ ಅಂಕಿಗಳನ್ನು ಬಳಸಬೇಕೆಂಬ ಅಭಿಮಾನ ನನಗೂ ಉಂಟು. ಆದರೆ ಓಡುವ ಬೆನ್ನಿನ ಮೇಲೆ ೧ ಮತ್ತು ೦ ಎರಡೂ ಒಂದೇ ದುಂಡಾಗಿ ತೋರುವುದರಿಂದಲೂ, ಸ್ಕೋರ್ ಬರೆಯುವವರು 1, 2, 3 ಎಂದೇ ಬರೆಯುವುದರಿಂದಲೂ, ಅವುಗಳನ್ನು ತೋಳಿನ ಮೇಲೆ ಚಿಕ್ಕದಾಗಿ ಇಟ್ಟು ತೃಪ್ತಿಪಡುವುದೇ ಲೇಸು.

ತಂಡದ ಹೆಸರನ್ನಾದರೋ ಕನ್ನಡದಲ್ಲಿಯೇ ಬರೆಯಬೇಕು. ಬರೆಯುವಾಗ ಕನ್ನಡ ಲಿಪಿಯ ದೇಹಧರ್ಮವನ್ನು ಅರಿತಿರಬೇಕು. ರೋಮನ್ ದೊಡ್ಡಕ್ಷರಗಳು ಒಂದು ಸಮತಲದಲ್ಲಿ ಸಾಲಾಗಿ ನಿಲ್ಲುತ್ತವೆ; ನಮ್ಮ ಅಕ್ಷರಗಳಿಗೆ ಮೇಲೆ ಗುಣಿಸಿನ ಕೊಂಬೂ ಕೆಳಗೆ ಒತ್ತಿನ ಬೇರೂ ಇರುವುದರಿಂದ, ಹೆಸರನ್ನು ಬೆನ್ನಿನ ಮೇಲೆ ಕಮಾನಿನಂತೆ ಬಾಗಿಸಿದಾಗ ಒತ್ತಕ್ಷರವು ಕೆಳಗಿನ ಸಂಖ್ಯೆಯ ತಲೆಗೆ ತಾಗುತ್ತದೆ. ಹೆಸರಿಗೂ ಸಂಖ್ಯೆಗೂ ನಡುವೆ ಒತ್ತಿನ ಎತ್ತರವನ್ನು ಬಿಟ್ಟು ಮತ್ತೆ ಒಂದಂಗುಲ ತೆರವಿರಲಿ. ಅಕ್ಷರವನ್ನು ದಪ್ಪವಾಗಿಸಲೆಂದು ಅದರ ಸುತ್ತ ಗೆರೆಯನ್ನು ಏರಿಸಿದರೆ ದುಂಡಕ್ಷರಗಳ ಒಳಗಣ ಬಯಲು ಮುಚ್ಚಿಹೋಗಿ ಬ, ಭ, ಒ ಎಲ್ಲವೂ ಒಂದೊಂದು ಮುದ್ದೆಯಾಗುತ್ತವೆ. ಅದರ ಬದಲು ಹುಟ್ಟಿನಿಂದಲೇ ದಪ್ಪನಾದ ಫಾಂಟನ್ನು ಆರಿಸಿಕೊಳ್ಳಬೇಕು. ಏಕ್ ಟೈಪ್ ಸಂಸ್ಥೆಯವರು ರಚಿಸಿ ಮುಕ್ತವಾಗಿ ಕೊಟ್ಟಿರುವ ಬಾಲೂ ತಮ್ಮ, ಅನೇಕ್ ಕನ್ನಡ ಎಂಬ ಎರಡು ಯುನಿಕೋಡ್ ಫಾಂಟುಗಳು ಈ ಕೆಲಸಕ್ಕೆ ಬಹಳ ಯೋಗ್ಯವಾದವು; ಎರಡನೆಯದರಲ್ಲಿ ಅಗಲ, ದಪ್ಪಗಳ ಹಲವು ಮೆಟ್ಟಿಲುಗಳಿರುವುದರಿಂದ ಉದ್ದ ಹೆಸರನ್ನೂ ಎಳೆದು ವಿರೂಪಗೊಳಿಸದೆ ಎದೆಯಳತೆಗೆ ಕೂಡಿಸಬಹುದು.

ಒಂದು ಸಂಜೆಯ ನೆನಪು ನನ್ನಿಂದ ಇನ್ನೂ ದೂರವಾಗಿಲ್ಲ. ಪಂದ್ಯಕ್ಕೆ ಎರಡು ಗಂಟೆ ಮುಂಚೆ ಬಸ್ಸಿನಲ್ಲಿ ಬಂದಿಳಿದ ಪೊಟ್ಟಣವನ್ನು ತಂಡದ ನಾಯಕನು ಹಲ್ಲಿನಿಂದ ದಾರ ಕಡಿದು ಬಿಚ್ಚಿದನು. ಮೇಲಿನ ಅಂಗಿಯನ್ನು ಕೊಡವಿ ಎತ್ತಿ ಹಿಡಿದನು. ಹಿಡಿದ ಕೈ ಹಾಗೆಯೇ ನಿಂತಿತು. ಎದೆಯ ಮೇಲೆ "ಯುವಶಕ್ತಿ" ಎಂದಿರಬೇಕಾದಲ್ಲಿ "ಯುವಶಕ್‌ತಿ" ಎಂದು ಅಚ್ಚಾಗಿತ್ತು. ಹನ್ನೆರಡೂ ಅಂಗಿಗಳು ಹಾಗೆಯೇ ಇದ್ದವು. ಯಾರೂ ಏನೂ ಮಾತನಾಡಲಿಲ್ಲ. ಎಲ್ಲರಿಗಿಂತ ಚಿಕ್ಕ ಹುಡುಗನೊಬ್ಬ ಆ ಒಡೆದ ಅಕ್ಷರವನ್ನು ಬೆರಳಿನಿಂದ ಉಜ್ಜಿ ನೋಡಿದನು. ನಾನು ಕಳಿಸಿದ ಕಡತದಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇದ್ದವು. ಅಚ್ಚಿನವರ ಗಣಕದ ಹಳೆಯ ತಂತ್ರಾಂಶಕ್ಕೆ ಒತ್ತನ್ನು ಕೂಡಿಸುವುದು ತಿಳಿಯದೆ ಅದು ಬಿಡಿಸಿ ಇಟ್ಟಿತ್ತು. ಹಳೆಯ ನುಡಿ ಫಾಂಟುಗಳಲ್ಲಿ ಬರೆದಿದ್ದರೆ ಇನ್ನೊಂದು ಬಗೆಯ ಅನರ್ಥವಾಗುತ್ತಿತ್ತು: ಆ ಫಾಂಟು ಇಲ್ಲದ ಗಣಕದಲ್ಲಿ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎರಡಕ್ಕೂ ಮದ್ದು ಒಂದೇ. ಕಡತವನ್ನು ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ಆಯ್ದು, ಕೋರಲ್‌ಡ್ರಾದವರು ಕರ್ವ್ಸ್ ಎಂದೂ ಇಲಸ್ಟ್ರೇಟರಿನವರು ಔಟ್‌ಲೈನ್ ಎಂದೂ ಕರೆಯುವ ರೇಖಾರೂಪಕ್ಕೆ ತಿರುಗಿಸಬೇಕು. ತಿದ್ದಲು ಬರುವ ಮೂಲ ಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು. ಅಚ್ಚಿನವರ ಗಣಕದಲ್ಲಿ ತೆರೆದ ಕಡತದ ಫೋಟೋವನ್ನು ತರಿಸಿಕೊಂಡು, ಕನ್ನಡ ಚೆನ್ನಾಗಿ ಬಲ್ಲ ಇನ್ನೊಬ್ಬರಿಂದ ಅಕ್ಷರ ಅಕ್ಷರವಾಗಿ ಓದಿಸಬೇಕು.

ಅಚ್ಚಿನ ವಿಧಾನವನ್ನು ಬಟ್ಟೆಯೇ ನಿರ್ಧರಿಸುತ್ತದೆ. ಇಂದು ಹೆಚ್ಚಿನ ಜೆರ್ಸಿಗಳು ಬಿಳಿಯ ಪಾಲಿಯೆಸ್ಟರ್ ಹೆಣಿಗೆಯ ಬಟ್ಟೆಯ ಮೇಲೆ ಸಬ್ಲಿಮೇಷನ್ ಕ್ರಮದಿಂದ ಆಗುತ್ತವೆ: ಕಾಗದದ ಮೇಲೆ ಅಚ್ಚಾದ ಬಣ್ಣವು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದ್ರವವಾಗದೆ ನೇರವಾಗಿ ಅನಿಲವಾಗಿ ನೂಲಿನೊಳಗೆ ಸೇರಿಕೊಳ್ಳುವುದರಿಂದ, ಅದು ಸುಲಿಯುವುದೂ ಇಲ್ಲ, ಗಾಳಿಯ ರಂಧ್ರಗಳನ್ನು ಮುಚ್ಚುವುದೂ ಇಲ್ಲ. ಹತ್ತಿಗೆ ಈ ಬಣ್ಣ ಹತ್ತದು. ಕಡುಬಣ್ಣದ ಬಟ್ಟೆಯ ಮೇಲೆ ಕಾಣದು. ಡಿಟಿಎಫ್ ಎಂಬ ಪೊರೆಯ ಅಚ್ಚು ಯಾವ ಬಟ್ಟೆಗಾದರೂ ಅಂಟುತ್ತದೆ. ಆದರೆ ಎದೆಯಗಲ ಅಂಟಿಸಿದರೆ ಬೆವರು ಒಳಗೇ ನಿಲ್ಲುತ್ತದೆಯಾದ್ದರಿಂದ ಸಂಖ್ಯೆಗೋ ಚಿಕ್ಕ ಲಾಂಛನಕ್ಕೋ ಮಾತ್ರ ಇರಲಿ. ಒಂದೆರಡು ಬಣ್ಣದ ಸರಳ ರಚನೆಗೂ ಹೆಚ್ಚು ಸಂಖ್ಯೆಯ ಅಂಗಿಗಳಿಗೂ ಸ್ಕ್ರೀನ್ ಪ್ರಿಂಟಿಂಗ್ ಇಂದಿಗೂ ಮಿತವ್ಯಯದ ದಾರಿ. ಗಣಕದ ತೆರೆಯ ಮೇಲೆ ಹೊಳೆಯುವ ನಿಯಾನ್ ಹಸುರು ಸಾಮಾನ್ಯ ನಾಲ್ಕು ಶಾಯಿಗಳಿಂದ ಹುಟ್ಟದು. ಅಲ್ಲದೆ ಸಬ್ಲಿಮೇಷನ್ನಿನ ಕಪ್ಪು ಬಟ್ಟೆ ಮೈಗೆ ಬಿಗಿಯಾಗಿ ಹಿಗ್ಗಿದಾಗ ನೂಲಿನ ಒಳಗಣ ಬಿಳುಪು ಹೊರಗಿಣುಕಿ ಬೂದಾಗಿ ತೋರುತ್ತದೆ. ಆದುದರಿಂದ ಅದೇ ಬಟ್ಟೆಯ ಮೇಲೆ ಅಚ್ಚು ಮಾಡಿದ ಬಣ್ಣದ ಪಟ್ಟಿಯನ್ನು ಅಚ್ಚಿನವರಿಂದ ಕೇಳಿ ಪಡೆದು, ಕೈಯಿಂದ ಎಳೆದು ನೋಡಿ, ಅದರಿಂದಲೇ ಆರಿಸಿಕೊಳ್ಳಬೇಕು.

ಅಳತೆಯನ್ನು ಎಂ, ಎಲ್ ಎಂಬ ಬಾಯಿಮಾತಿನಲ್ಲಿ ತೆಗೆದುಕೊಳ್ಳಬಾರದು. ಪ್ರತಿಯೊಬ್ಬನಿಗೂ ಚೆನ್ನಾಗಿ ಹೊಂದುವ ಅಂಗಿಯೊಂದನ್ನು ತರಿಸಿ, ನೆಲದ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಅಳೆದು ಬರೆದಿಡಬೇಕು. ಕಬಡ್ಡಿಯಲ್ಲಿ ಬಟ್ಟೆ ಹಿಡಿದು ತಡೆಯುವುದು ನಿಷಿದ್ಧವಾದರೂ, ಅಳ್ಳಕವಾದ ಅಂಗಿ ತಾನಾಗಿಯೇ ಬೆರಳಿಗೆ ಸಿಕ್ಕಿ ವಾದಕ್ಕೆ ಎಡೆಮಾಡುತ್ತದೆ. ಸಬ್ಲಿಮೇಷನ್ನಿನಲ್ಲಿ ಎದೆ, ಬೆನ್ನು, ತೋಳುಗಳು ಬೇರೆ ಬೇರೆಯಾಗಿ ಅಚ್ಚಾಗಿ ಆಮೇಲೆ ಹೊಲಿಗೆಗೆ ಹೋಗುತ್ತವೆ. ಆದುದರಿಂದ ದರ್ಜಿಯ ಕತ್ತರಿಕೆಯ ನಕ್ಷೆಯನ್ನು ಮೊದಲೇ ತರಿಸಿಕೊಂಡು ಅದರ ಮೇಲೆಯೇ ಚಿತ್ರಿಸಿ, ಅಂಚಿನಿಂದ ಒಂದಂಗುಲ ಆಚೆಗೂ ಬಣ್ಣವನ್ನು ಹರಿಸಿ, ಅಕ್ಷರಗಳನ್ನು ಮಾತ್ರ ಹೊಲಿಗೆಯಿಂದ ಎರಡಂಗುಲ ಒಳಗೇ ಇಡಬೇಕು. ಪಕ್ಕದ ಹೊಲಿಗೆಯನ್ನು ದಾಟಿ ಹಾಯುವ ಪಟ್ಟೆ ಪ್ರತಿ ಅಳತೆಯಲ್ಲಿಯೂ ಕೂಡಿಕೊಳ್ಳುವುದು ದುಸ್ತರ. ಹೊಸಬರು ಅದನ್ನು ಬಿಟ್ಟುಬಿಡುವುದೇ ಮೇಲು.

ಪ್ರಾಯೋಜಕರ ವಿಷಯದಲ್ಲಿ ಧೈರ್ಯ ಬೇಕು. ಅಡಿಕೆ ಮಂಡಿ, ಚಿನ್ನದ ಅಂಗಡಿ, ಹೋಟೆಲು, ಕ್ಯಾಟರಿಂಗ್ ಎಂದು ಏಳೆಂಟು ಮಂದಿ ತಲಾ ಸ್ವಲ್ಪ ಹಣ ಕೊಟ್ಟಿರುತ್ತಾರೆ. ಎಲ್ಲರಿಗೂ ಎದೆಯೇ ಬೇಕು. ಒಬ್ಬರಿಗೆ ಎದೆ, ಇಬ್ಬರಿಗೆ ತೋಳು, ಒಬ್ಬರಿಗೆ ಸಂಖ್ಯೆಯ ಕೆಳಗಿನ ಸೊಂಟದ ಸಾಲು ಎಂದು ನಿಶ್ಚಯಿಸಿ, ಉಳಿದವರ ಹೆಸರನ್ನು ಬ್ಯಾನರಿನ ಮೇಲೆ ಗೌರವದಿಂದ ಹಾಕುವುದಾಗಿ ಹಣ ಪಡೆಯುವ ಮೊದಲೇ ಹೇಳಬೇಕು. ತಮ್ಮ ಲಾಂಛನ ತಮ್ಮದೇ ಬಣ್ಣದಲ್ಲಿರಲೆಂದು ಕೇಳುವವರಿಗೆ, ಅಂಗಿಯ ಎರಡು ಬಣ್ಣಗಳೊಳಗೇ ಅದು ಇನ್ನೂ ಸ್ಪಷ್ಟವಾಗಿ ಕಾಣುವುದನ್ನು ಎರಡು ಮಾದರಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಒಪ್ಪುತ್ತಾರೆ. ಅಗಲಿದ ಗೆಳೆಯನ ಸ್ಮರಣಾರ್ಥವಾಗಿ ಪಂದ್ಯ ನಡೆಯುವಾಗ ಅವನ ಭಾವಚಿತ್ರವನ್ನು ಅಂಗಿಯ ಮೇಲೆ ಹಾಕುವ ಪದ್ಧತಿ ನಮ್ಮಲ್ಲಿದೆ; ಆ ಭಾವನೆಗೆ ನಾನು ತಲೆಬಾಗುತ್ತೇನೆ. ಆದರೆ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರವನ್ನು ಎದೆಯಗಲ ಹಿಗ್ಗಿಸಿದರೆ ಆ ಮುಖವೇ ಗುರುತು ಸಿಗದಂತಾಗುತ್ತದೆ. ಮನೆಯವರಿಂದ ಮೂಲ ಫೋಟೋವನ್ನೇ ಕೇಳಿ ತಂದು, ಸ್ಕ್ಯಾನ್ ಮಾಡಿಸಿ, ಎಡದೋಳಿನ ಮೇಲೆ ಮೂರಂಗುಲದ ವೃತ್ತದಲ್ಲಿ ಅಚ್ಚು ಮಾಡಿಸಿದರೆ ಅವನ ಕಣ್ಣೂ ನಗೆಯೂ ಉಳಿದುಕೊಳ್ಳುತ್ತವೆ. ಅಷ್ಟಕ್ಕೆ ಚಿತ್ರವು ಅಡ್ಡಕ್ಕೆ ಆರುನೂರು ಪಿಕ್ಸೆಲ್ ಇದ್ದರೆ ಸಾಕು.

ಹನ್ನೆರಡನ್ನೂ ಒಮ್ಮೆಗೇ ಅಚ್ಚಿಗೆ ಕೊಡದೆ ಮೊದಲು ಒಂದೇ ಸ್ಯಾಂಪಲ್ ಪೀಸನ್ನು ತರಿಸಿಕೊಳ್ಳಬೇಕು. ಇದಕ್ಕಾಗಿ ಶನಿವಾರದ ಗಡುವನ್ನು ಹದಿನೈದು ದಿನ ಹಿಂದಕ್ಕೆ ತಳ್ಳಲೇಬೇಕು. ಆ ಅಂಗಿಯನ್ನು ಆಟಗಾರನೊಬ್ಬನಿಗೆ ತೊಡಿಸಿ, ನೀರು ಚಿಮುಕಿಸಿ, ದೀಪದ ಕೆಳಗೆ ಓಡಿಸಿ, ನೀವು ನಲವತ್ತು ಹೆಜ್ಜೆ ಹಿಂದೆ ನಿಂತು ಕಣ್ಣನ್ನು ಕಿರಿದು ಮಾಡಿ ನೋಡಿರಿ. ಬೆನ್ನು ಬಾಗಿದಾಗ ಸಂಖ್ಯೆ ಸೊಂಟದ ಮಡಿಕೆಯೊಳಗೆ ಇಳಿಯುತ್ತಿದ್ದರೆ ಅದನ್ನು ಎರಡಂಗುಲ ಮೇಲೇರಿಸಿರಿ. ಉಳಿದವನ್ನು ಅಚ್ಚಿಗೆ ಕೊಡುವಾಗ ಸಂಖ್ಯೆಯಿಲ್ಲದ ಎರಡು ಅಂಗಿಗಳನ್ನು, ಒಂದು ದೊಡ್ಡ ಅಳತೆಯದು, ಒಂದು ಚಿಕ್ಕದು, ಹೆಚ್ಚಿಗೆ ಮಾಡಿಸಿಡಿ. ಜೊತೆಗೆ ಸೊನ್ನೆಯಿಂದ ಒಂಬತ್ತರವರೆಗಿನ ಡಿಟಿಎಫ್ ಅಂಕಿಗಳ ಎರಡೆರಡು ಕಟ್ಟುಗಳೂ ಇರಲಿ. ಸೆಮಿಫೈನಲ್ಲಿನ ನಡುರಾತ್ರಿ ಯಾರದಾದರೂ ಅಂಗಿ ಹೆಗಲಿನಿಂದ ಹರಿದರೆ, ಇಸ್ತ್ರಿಪೆಟ್ಟಿಗೆಯೂ ಒಂದು ಮರದ ಬೆಂಚೂ ಸಿಕ್ಕಿದಲ್ಲಿ, ಅಂಕಿಯ ಮೇಲೆ ತೆಳುವಾದ ಬಟ್ಟೆ ಹಾಸಿ ಒತ್ತಿ, ಆರಿದ ಮೇಲೆ ಪೊರೆಯನ್ನು ಬಿಡಿಸಿ, ಅವನನ್ನು ಮತ್ತೆ ಅಂಕಣಕ್ಕೆ ಕಳಿಸಬಹುದು.