ಕಚೇರಿಯ ಕಂಪ್ಯೂಟರ್‌ಗೆ ವೈರಸ್: ಬಾರದಂತೆ ಏನು ಮಾಡಬೇಕು, ಬಂದರೆ ಏನು ಮಾಡಬೇಕು

2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಪಾವತಿ ಸೇವೆಗಳಿಗೆ ತಡೆ ಬಿತ್ತು. ಆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳಿಗೆ ತಂತ್ರಾಂಶ ಸೇವೆ ಕೊಡುತ್ತಿದ್ದ ಸಂಸ್ಥೆಗೆ ರ‍್ಯಾನ್ಸಮ್‌ವೇರ್ ನುಗ್ಗಿತ್ತು. ಕಡತಗಳಿಗೆ ಬೀಗ ಜಡಿದು, ತೆಗೆಯಲು ಹಣ ಕೇಳುವ ವೈರಸ್ ಅದು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ಗೂ ಇದೇ ಗತಿ ಬಂದು, ಆಸ್ಪತ್ರೆಯ ಕೆಲಸ ಹಲವು ದಿನ ಕೈಬರಹದಲ್ಲೇ ನಡೆಯಿತು.

ಇವು ಪತ್ರಿಕೆಗೆ ಬಂದ ಪ್ರಕರಣಗಳು. ತಾಲ್ಲೂಕು ಕೇಂದ್ರದ ಆಡಿಟರ್ ಕಚೇರಿ, ಡಿಟಿಪಿ ಸೆಂಟರ್, ಹಾಲಿನ ಸಂಘ, ಗೊಬ್ಬರದ ಅಂಗಡಿಗಳಲ್ಲಿ ವರ್ಷಗಳ ಲೆಕ್ಕ ಕಳೆದುಹೋದರೆ ಅದು ಸುದ್ದಿಯಾಗುವುದಿಲ್ಲ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಪ್ರತ್ಯೇಕ ವಿಭಾಗವಿಲ್ಲ; ಫೋನ್ ಮಾಡಿದರೆ ಬರುವ ಒಬ್ಬ ಸರ್ವಿಸ್ ಹುಡುಗ ಇರುತ್ತಾನೆ, ಅಷ್ಟೇ. ಈ ಲೇಖನ ಅಂಥ ಕಚೇರಿಗಳಿಗಾಗಿ.

‘ಯಾವ ಆಂಟಿವೈರಸ್ ಹಾಕಿಸಬೇಕು?’ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲಸಗಳು ಮೂರಿವೆ.

ಮೊದಲು ಬ್ಯಾಕಪ್

ಉಳಿದ ಎಲ್ಲ ಎಚ್ಚರಿಕೆಗಳೂ ಒಂದಲ್ಲ ಒಂದು ದಿನ ಕೈಕೊಡಬಹುದು. ಆ ದಿನ ನಿಮ್ಮನ್ನು ಉಳಿಸುವುದು ಬ್ಯಾಕಪ್ ಒಂದೇ. ಆದರೆ ನಮ್ಮ ಕಚೇರಿಗಳಲ್ಲಿ ಬ್ಯಾಕಪ್ ಎಂದರೆ ಸಾಮಾನ್ಯವಾಗಿ ಅದೇ ಕಂಪ್ಯೂಟರಿನ ಡಿ ಡ್ರೈವ್‌ಗೆ ಮಾಡಿದ ನಕಲು. ಸಿ ಡ್ರೈವ್ ತಲುಪಿದ ವೈರಸ್‌ಗೆ ಡಿ ಡ್ರೈವ್ ದೂರವೇನಲ್ಲ. ಸದಾ ಚುಚ್ಚಿಟ್ಟಿರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೂಡ ಅಷ್ಟೇ: ಕಂಪ್ಯೂಟರ್‌ಗೆ ಕಾಣುವ ಡ್ರೈವ್‌ಗಳೆಲ್ಲ ರ‍್ಯಾನ್ಸಮ್‌ವೇರ್‌ಗೂ ಕಾಣುತ್ತವೆ.

ಆದ್ದರಿಂದ ಎರಡು ಹಾರ್ಡ್ ಡಿಸ್ಕ್ ಕೊಳ್ಳಿ. ಇಂದು ಒಂದು, ನಾಳೆ ಇನ್ನೊಂದು ಎಂದು ಸರದಿ ಮಾಡಿಕೊಳ್ಳಿ. ಸಂಜೆ ಟ್ಯಾಲಿಯ ಡೇಟಾ, ಬರೆದ ಪತ್ರಗಳು, ಸ್ಕ್ಯಾನ್ ಮಾಡಿದ ದಾಖಲೆಗಳನ್ನು ನಕಲು ಮಾಡಿ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಿ. ಒಂದನ್ನು ಮನೆಯಲ್ಲಿಟ್ಟರೆ ಇನ್ನೂ ಕ್ಷೇಮ. ಗೂಗಲ್ ಡ್ರೈವ್‌ನಂಥ ಕ್ಲೌಡ್ ಇದ್ದರೆ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. ಇಲ್ಲಿ ಕೆಟ್ಟ ಕಡತವನ್ನು ಅದು ಅಲ್ಲಿಗೂ ಏರಿಸಿಬಿಡುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಕಡತ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ನಿತ್ಯದ ಕೆಲಸಕ್ಕೆ ಅಡ್ಮಿನ್ ಖಾತೆ ಬೇಡ

ಖರ್ಚೇ ಇಲ್ಲದ, ಆದರೂ ಹೆಚ್ಚಿನವರು ಮಾಡದ ಕೆಲಸವಿದು. ವಿಂಡೋಸ್‌ನಲ್ಲಿ ಎರಡು ಬಗೆಯ ಖಾತೆಗಳಿವೆ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಕೂತು ನೀವು ಕ್ಲಿಕ್ ಮಾಡಿದ ವೈರಸ್‌ಗೆ ನಿಮ್ಮ ಅಧಿಕಾರವೇ ಸುಲಭವಾಗಿ ಸಿಕ್ಕಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು, ಸಿಬ್ಬಂದಿಗೆ ‘ಸ್ಟ್ಯಾಂಡರ್ಡ್ ಯೂಸರ್’ ಖಾತೆ ಮಾಡಿಕೊಡಿ. ಮಾಲೀಕರೂ ಅದರಲ್ಲೇ ಕೆಲಸ ಮಾಡಲಿ. ಹೊಸ ತಂತ್ರಾಂಶ ಹಾಕುವಾಗ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ಸಾಕು. ನೀವೇನೂ ಹಾಕದಿರುವಾಗ ಪರದೆ ಪಾಸ್‌ವರ್ಡ್ ಕೇಳಿತೆಂದರೆ ಕೈ ತಡೆಯಿರಿ.

ಅಪ್‌ಡೇಟ್, ಅಸಲಿ ವಿಂಡೋಸ್

2017ರ ಮೇ 12ರಂದು ವನ್ನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಹರಡಿತು. ನಮ್ಮ ಪಕ್ಕದ ಆಂಧ್ರದ ಪೊಲೀಸ್ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್‌ಅನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ ಕೊಟ್ಟಿತ್ತು. ‘ರೀಮೈಂಡ್ ಮಿ ಲೇಟರ್’ ಒತ್ತುತ್ತ ಹೋಗುವವರು ಇದನ್ನು ನೆನಪಿಡಬೇಕು.

ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗಲಾಗದ ಹಳೆಯ ಯಂತ್ರ ಹಳೆಯ ಪ್ರಿಂಟರ್‌ಗಾಗಿ ಬೇಕೇ ಬೇಕೆಂದಿದ್ದರೆ, ಇಂಟರ್‌ನೆಟ್ ಸಂಪರ್ಕ ತೆಗೆದು ಬಳಸಿ.

ಕ್ರ್ಯಾಕ್ ಮಾಡಿದ ತಂತ್ರಾಂಶದ ಬಗ್ಗೆ ನನ್ನ ಮಾತು ಖಡಾಖಂಡಿತ: ಬೇಡವೇ ಬೇಡ. ಫೋಟೋಶಾಪ್ ಇರಲಿ, ಆಫೀಸ್ ಇರಲಿ, ಕ್ರ್ಯಾಕ್ ಹಾಕುವಾಗ ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಇರುತ್ತದೆ. ಕಾವಲನ್ನು ನಮ್ಮ ಕೈಯಿಂದಲೇ ತೆಗೆಸುವ ಉಪಾಯ ಅದು. ಸ್ಟಾಪ್ ಎಂಬ ರ‍್ಯಾನ್ಸಮ್‌ವೇರ್ ಕುಟುಂಬ ಹೆಚ್ಚಾಗಿ ಹರಡಿದ್ದು ಇದೇ ದಾರಿಯಲ್ಲಿ. ಹಣ ಹೊಂದಿಸಲಾಗದಿದ್ದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್, ಗಿಂಪ್ ಬಳಸಿ.

ಈಗ ಆಂಟಿವೈರಸ್

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಣ್ಣ ಕಚೇರಿಗೆ ಸಾಕು. ಹಣ ಕೊಟ್ಟು ಬೇರೆಯದನ್ನು ಕೊಂಡಿದ್ದರೆ ವರ್ಷಕ್ಕೊಮ್ಮೆ ನವೀಕರಿಸಿ. ಅವಧಿ ಮುಗಿದದ್ದನ್ನು ತೆಗೆದುಹಾಕಿ ಡಿಫೆಂಡರ್ ಚಾಲೂ ಆಗಿದೆಯೇ ಎಂದು ನೋಡಿ. ಅದರ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿಯಿದೆ, ಇಲ್ಲಿರುವ ಜಾಗಗಳನ್ನು ಡಿಫೆಂಡರ್ ತಪಾಸಣೆ ಮಾಡುವುದಿಲ್ಲ. ಹಿಂದೆ ಯಾರಾದರೂ ಕ್ರ್ಯಾಕ್ ಹಾಕಿಕೊಟ್ಟಿದ್ದರೆ ಇಡೀ ಸಿ ಡ್ರೈವ್ ಅಲ್ಲಿ ಸೇರಿರಬಹುದು. ಇಂದೇ ತೆರೆದು ನೋಡಿ, ಕಾರಣ ಗೊತ್ತಿಲ್ಲದ್ದನ್ನು ಅಳಿಸಿ.

ಪೆನ್‌ಡ್ರೈವ್, ಮೇಲ್

ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್‌ಗಳಿಗೆ ದಿನವೂ ಹತ್ತಾರು ಪೆನ್‌ಡ್ರೈವ್ ಬರುತ್ತವೆ. ಅಲ್ಲಿ ಕಾಣುವುದು ಹೆಚ್ಚಾಗಿ ಶಾರ್ಟ್‌ಕಟ್ ವೈರಸ್. ಅದು ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದಿರೋ, ವೈರಸ್ ನಿಮ್ಮ ಕಂಪ್ಯೂಟರಿಗೆ ಇಳಿದು, ಮುಂದೆ ಚುಚ್ಚುವ ಪ್ರತಿ ಪೆನ್‌ಡ್ರೈವ್‌ಗೂ ಅಂಟುತ್ತದೆ. ಪೆನ್‌ಡ್ರೈವ್ ಹಾಕಿದೊಡನೆ ತೆರೆಯದೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಗ್ರಾಹಕರ ಕಡತ ‘ಹೋಯಿತು’ ಎಂದು ಫಾರ್ಮ್ಯಾಟ್ ಮಾಡಬೇಡಿ. ಸ್ಕ್ಯಾನ್ ಮುಗಿದ ಮೇಲೆ ಅಡಗಿದ ಕಡತಗಳು ಕಾಣುವಂತೆ ಸೆಟ್ಟಿಂಗ್ ಬದಲಿಸಿದರೆ ಬಹಳ ಸಲ ಎಲ್ಲವೂ ಅಲ್ಲೇ ಇರುತ್ತವೆ. ಸಾಧ್ಯವಾದರೆ ಹೊರಗಿನ ಪೆನ್‌ಡ್ರೈವ್‌ಗೆಂದೇ ಹಳೆಯ ಕಂಪ್ಯೂಟರ್ ಒಂದನ್ನು ಬೇರೆ ಇಡಿ, ಲೆಕ್ಕಪತ್ರದ ಯಂತ್ರಕ್ಕೆ ಅವು ಹೋಗದಿರಲಿ.

ಇನ್ನೊಂದು ಸಣ್ಣ ಬದಲಾವಣೆ: ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆಯ್ಕೆ ಮಾಡಿ. 2000ದ ಮೇನಲ್ಲಿ ಪ್ರೇಮಪತ್ರದ ಹೆಸರಲ್ಲಿ ಜಗತ್ತು ಸುತ್ತಿದ ‘ಐ ಲವ್ ಯು’ ವೈರಸ್ ಗೆದ್ದದ್ದಕ್ಕೆ ಈ ಆಯ್ಕೆ ಆನ್ ಆಗಿಲ್ಲದ್ದೂ ಒಂದು ಕಾರಣ. ಹೆಸರಿನ ಕೊನೆಯ ಭಾಗ ಕಾಣದೆ, ಜನ ಅದನ್ನು ಬರೀ ಪಠ್ಯ ಕಡತ ಅಂದುಕೊಂಡರು. ಈಗಲೂ ‘ಪಿಡಿಎಫ್’ ಎಂದು ಕಾಣುವ ಬಿಲ್‌ನ ಕೊನೆಗೆ ‘ಇಎಕ್ಸ್‌ಇ’ ಅಡಗಿರಬಹುದು.

ಮೇಲ್‌ನಲ್ಲಿ ಜಿಪ್ ಕಡತ ಬಂದು, ಅದರ ಪಾಸ್‌ವರ್ಡ್ ಅದೇ ಮೇಲ್‌ನಲ್ಲಿದ್ದರೆ ಅನುಮಾನಿಸಿ. ಆಂಟಿವೈರಸ್ ಒಳಗೆ ಇಣುಕದಿರಲೆಂದೇ ಬೀಗ ಹಾಕಿರುತ್ತಾರೆ. ಎಕ್ಸೆಲ್ ಕಡತ ‘ಎನೇಬಲ್ ಕಂಟೆಂಟ್’ ಒತ್ತಲು ಕೇಳಿದರೆ ಒತ್ತಬೇಡಿ, ಕಳಿಸಿದವರಿಗೆ ಫೋನ್ ಮಾಡಿ. ಆದಾಯ ತೆರಿಗೆ ನೋಟಿಸ್ ಬಂದರೆ ಅಟ್ಯಾಚ್‌ಮೆಂಟ್ ತೆರೆಯದೆ ಇ-ಫೈಲಿಂಗ್ ಪೋರ್ಟಲ್‌ಗೆ ಹೋಗಿ ನೋಡಿ. ನೋಟಿಸ್ ಅಸಲಿಯೇ ಎಂದು ತಾಳೆ ನೋಡುವ ಸೌಲಭ್ಯ ಅಲ್ಲಿದೆ.

ತಂತ್ರಾಂಶ ರಿಪೇರಿಗೆಂದು ಹಾಕಿದ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಕೆಲಸ ಮುಗಿದ ಮೇಲೂ ತೆರೆದಿರುವುದು, ಡಿಜಿಟಲ್ ಸಹಿಯ ಟೋಕನ್ ದಿನವಿಡೀ ಚುಚ್ಚಿಕೊಂಡೇ ಇರುವುದು, ಎರಡೂ ಅಪಾಯ. ತೆಗೆದಿಡಿ.

ಬಂದೇಬಿಟ್ಟರೆ

ಕಡತಗಳ ಹೆಸರು ವಿಚಿತ್ರವಾಗಿ ಬದಲಾದರೆ, ಹಣ ಕೇಳುವ ಚೀಟಿ ಪರದೆಯ ಮೇಲೆ ಬಂದರೆ, ಮೊದಲು ಲ್ಯಾನ್ ಕೇಬಲ್ ಕಿತ್ತು ವೈಫೈ ಆರಿಸಿ. ಪಕ್ಕದ ಕಂಪ್ಯೂಟರ್ ಉಳಿಯುವುದು ಇದರಿಂದ. ಪರದೆಯ ಫೋಟೋ ತೆಗೆದುಕೊಳ್ಳಿ. ಅವಸರದಲ್ಲಿ ಬ್ಯಾಕಪ್ ಡಿಸ್ಕ್ ಚುಚ್ಚಬೇಡಿ, ಅದೂ ಹೋಗುತ್ತದೆ. ಬ್ಯಾಂಕ್ ಮತ್ತು ಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಸ್ವಚ್ಛ ಸಾಧನದಿಂದ ಬದಲಿಸಿ. ಹಣ ಕೊಡಬೇಡಿ, ಕೊಟ್ಟವರಿಗೆಲ್ಲ ಕಡತ ಮರಳಿ ಸಿಕ್ಕಿಲ್ಲ. ಯೂರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳಿವೆ. ಕಂಪನಿಗಳು ಇಂಥ ದಾಳಿಯನ್ನು 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಾಲೀಕರಲ್ಲಿ ಒಂದು ಕೋರಿಕೆ. ತಪ್ಪಿ ಏನನ್ನೋ ಒತ್ತಿದ ಹುಡುಗಿ ಬೈಗುಳಕ್ಕೆ ಹೆದರಿ ಸಂಜೆಯವರೆಗೆ ಸುಮ್ಮನಿದ್ದರೆ ನಷ್ಟ ನಿಮ್ಮದೇ. ‘ಏನಾದರೂ ಎಡವಟ್ಟಾದರೆ ತಕ್ಷಣ ಹೇಳಿ, ಯಾರೂ ಬೈಯುವುದಿಲ್ಲ’ ಎಂದು ಸಿಬ್ಬಂದಿಗೆ ಇಂದೇ ಹೇಳಿ, ಹಾಗೆಯೇ ನಡೆದುಕೊಳ್ಳಿ.